ಬೀಸುವ ಕೈ ಮೇಲೋ, ಒತ್ತುವ ಬೆರಳು ಮೇಲೋ?

ಮೈಯ ಚಲನೆಯಿಂದ ಆಡುವ ವಿಡಿಯೊ ಆಟಗಳ ಕುರಿತು ಒಂದು ಮನೆಯ ವಿಚಾರ

ಕಳೆದ ವರ್ಷ ಆಟಿ ತಿಂಗಳ ಒಂದು ಸಂಜೆ. ಬಿಜೈಯ ನಮ್ಮ ಮನೆಯ ಹಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಕಾಲೇಜಿನಿಂದ ಹಿಂದಿರುಗಿ, ಬಸ್ಸು ನಿಲ್ದಾಣದಿಂದ ಮನೆಗೆ ನಡೆದು ಬರುವಷ್ಟರಲ್ಲಿ ಕೊಡೆಯಿದ್ದೂ ಅರ್ಧ ನೆನೆದಿದ್ದೆ. ಚಾವಡಿಗೆ ಕಾಲಿಟ್ಟವನು ಕೊಡೆಯನ್ನು ಮಡಚುವುದನ್ನೂ ಮರೆತು ನಿಂತುಬಿಟ್ಟೆ. ಟೆಲಿವಿಷನ್ನಿನ ಇದಿರಿನ ಕುರ್ಚಿಯಲ್ಲಿ ನನ್ನ ಅಪ್ಪಯ್ಯ ಕುಳಿತಿದ್ದರು. ಅವರ ಬಲಗೈಯ ಮಣಿಕಟ್ಟಿಗೆ ಬಿಳಿಯ ಮೋಟು ಕೋಲಿನಂಥ ಒಂದು ವಸ್ತುವನ್ನು ಬಾರಿನಿಂದ ಬಿಗಿದಿತ್ತು. ಆ ಕೈ ತೊಡೆಯ ಮೇಲಿನಿಂದ ಒಂದು ಗೇಣು ಮೇಲೆದ್ದಿತ್ತು.

ಒಂದು ಗೇಣು ಎಂದರೆ ಏನು ಮಹಾ ಎಂದು ವಾಚಕರು ಕೇಳಬಹುದು. ಪಾರ್ಶ್ವವಾಯು ಬಡಿದಂದಿನಿಂದ ಎರಡು ವರ್ಷ ಆ ಕೈ ಶಾಲಿನ ಕೆಳಗೇ ಇತ್ತು. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ಮೂರು ತಿಂಗಳು ಮಾಡಿದರು, ಆಮೇಲೆ ಬಿಟ್ಟರು. "ಗೋಡೆಯನ್ನು ನೋಡುತ್ತ ಕೈ ಎತ್ತುವುದು, ಇಳಿಸುವುದು! ಇದು ಯಾರಿಗೆ ಬೇಕು?" ಎಂಬುದು ಅವರ ವಾದ. ಅಪ್ಪಯ್ಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಬಿಡುವಿನ ರಾತ್ರಿಗಳಲ್ಲಿ ಊರಿನ ಹವ್ಯಾಸಿ ಬಳಗದೊಡನೆ ಯಕ್ಷಗಾನದಲ್ಲಿ ಅರ್ಜುನನ ವೇಷ ಕಟ್ಟುತ್ತಿದ್ದವರು. ಬಿಲ್ಲು ಹಿಡಿದ ಕೈ ಈಗ ಲೋಟ ಹಿಡಿಯಲಾರದೆಂಬುದನ್ನು ನೆರೆಯವರು ಕಾಣಬಾರದೆಂಬ ಅಭಿಮಾನ ಅವರದು.

"ಅಜ್ಜ, ಈಗ! ಈಗ ಬೀಸಿ!" ಎಂದು ಕೂಗಿದ, ಅವರ ಪಕ್ಕದಲ್ಲಿ ಕುಣಿಯುತ್ತಿದ್ದ ನಮ್ಮ ಹನ್ನೊಂದು ವರ್ಷದ ಚಿರಂಜೀವಿ.

ಅಪ್ಪಯ್ಯನ ಕೈ ಅಲುಗಿತು. ಅಷ್ಟೆ. ಪರದೆಯ ಮೇಲೆ ಗುಂಡುತಲೆಯ ಬೊಂಬೆಯೊಂದು ಟೆನ್ನಿಸ್ ರಾಕೆಟ್ಟನ್ನು ಬೀಸಿತು. ಚೆಂಡು ಬಲೆಯನ್ನು ದಾಟಿ ಆಚೆ ಬಿತ್ತು. ಅಪ್ಪಯ್ಯ ಒಮ್ಮೆ ತಮ್ಮ ಕೈಯನ್ನು ನೋಡಿಕೊಂಡರು, ಒಮ್ಮೆ ಪರದೆಯನ್ನು ನೋಡಿದರು.

"ಮಾಣೀ, ಈಗ ಹೊಡೆದದ್ದು ಯಾರು? ನಾನೋ, ಆ ಪೆಟ್ಟಿಗೆಯೋ?"

"ನೀವೇ ಅಜ್ಜ!" ಎಂದ ಮಗ, ಕ್ಷಣವೂ ಯೋಚಿಸದೆ. ನನಗಾದರೋ ಅಷ್ಟು ಸುಲಭವಾಗಿ ಉತ್ತರ ಹೇಳಲಾಗಲಿಲ್ಲ. ವಿಡಿಯೊ ಆಟಗಳನ್ನು ಗುಂಡಿಯೊತ್ತಿ ಆಡುವುದು ಮೇಲೋ, ಮೈಕೈ ಆಡಿಸಿ ಆಡುವುದು ಮೇಲೋ ಎಂದು ಆಟಗಾರರ ಲೋಕದಲ್ಲಿ ಇಪ್ಪತ್ತು ವರ್ಷಗಳಿಂದ ನಡೆದಿರುವ ವಾದವೆಲ್ಲ ಅಪ್ಪಯ್ಯನ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ ಎಂದು ನನಗೆ ತಿಳಿದದ್ದು ಆಮೇಲೆ.

ಮೈಗೂ ಆಟ ಬೇಕು

ಆ ಯಂತ್ರ ನಮ್ಮ ಮನೆಗೆ ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಸ್ಕತ್ತಿನಲ್ಲಿ ಬಹುಕಾಲ ಉದ್ಯೋಗದಲ್ಲಿದ್ದ ನನ್ನ ಭಾವ ಊರಿಗೆ ಮರಳಿದಾಗ ಅವರ ಸಾಮಾನಿನ ನಡುವೆ ಒಂದು ಹಳೆಯ ‘ವೀ’ ಯಂತ್ರವಿತ್ತು. ಅವರ ಮಕ್ಕಳು ದೊಡ್ಡವರಾಗಿದ್ದರು. ಅದು ನಮ್ಮ ಮನೆಗೆ ಬಂತು. "ಇನ್ನೊಂದು ಪೆಟ್ಟಿಗೆ! ಇರುವ ಮೊಬೈಲು ಸಾಲದೆ?" ಎಂದಳು ನನ್ನಾಕೆ. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಆದರೆ ಆಟವಾಡುವವರನ್ನು ಸುಮ್ಮನೆ ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಗುಂಡಿಗಳ ಆಟದಲ್ಲಿ ಕಾರು ಎಡಕ್ಕೆ ತಿರುಗಬೇಕಾದರೆ ಹೆಬ್ಬೆರಳೊಂದು ಅಲುಗಿದರೆ ಸಾಕು. ಆದರೂ ನಮ್ಮ ಮಗ ಸೊಂಟದಿಂದ ಮೇಲೆ ಪೂರ್ತಿ ಎಡಕ್ಕೆ ವಾಲುತ್ತಾನೆ. ಅವನನ್ನು ನಗುವ ಹಕ್ಕು ನಮಗಿಲ್ಲ. ಕೇರಂ ಹಲಗೆಯ ಮೇಲೆ ಸ್ಟ್ರೈಕರ್ ಕೈಬಿಟ್ಟ ಮೇಲೆ, ಅದು ಇನ್ನಷ್ಟು ಬಲಕ್ಕೆ ಹೋಗಲೆಂದು ನಾವು ಕತ್ತು ಓರೆ ಮಾಡುವುದಿಲ್ಲವೆ? ಆಟದಲ್ಲಿ ಬೆರಳು ಮಾತ್ರ ಪಾಲ್ಗೊಂಡರೆ ಉಳಿದ ಮೈಗೆ ಸಮಾಧಾನವಿಲ್ಲ. ತನಗೂ ಒಂದು ಪಾಲು ಬೇಕೆಂದು ಅದು ಕೇಳುತ್ತದೆ.

ಈ ಕೇಳಿಕೆಗೆ ಯಂತ್ರ ನಿರ್ಮಾಪಕರು ಬಹುದಿನಗಳಿಂದ ಕಿವಿಗೊಟ್ಟಿದ್ದಾರೆ. 1989ರಲ್ಲಿ ಅಮೆರಿಕದ ಮ್ಯಾಟೆಲ್ ಸಂಸ್ಥೆ ‘ಪವರ್ ಗ್ಲವ್’ ಎಂಬ ಕೈಚೀಲವನ್ನು ಮಾರಿತು; ತೊಟ್ಟ ಕೈಯ ಚಲನೆಯನ್ನು ಅದು ಸರಿಯಾಗಿ ಗ್ರಹಿಸಲಾರದೆ ಬೇಗ ಮೂಲೆಗೆ ಬಿತ್ತು. 1998ರಲ್ಲಿ ಜಪಾನಿನ ಕೊನಾಮಿ ಸಂಸ್ಥೆ ಕಾಲಿನಿಂದ ತುಳಿದು ನರ್ತಿಸುವ ಆಟವೊಂದನ್ನು ತಂದು ಗೆದ್ದಿತು. 2006ರ ನವೆಂಬರಿನಲ್ಲಿ ನಿಂಟೆಂಡೊ ಸಂಸ್ಥೆಯ ‘ವೀ’ ಬಂತು. ಅದರ ಹಿಡಿಕೆಯನ್ನು ರಾಕೆಟ್ಟಿನಂತೆ ಬೀಸಿದರೆ ಟೆನ್ನಿಸ್, ಕೆಳಗಿನಿಂದ ತೂಗಿ ಬಿಟ್ಟರೆ ಬೌಲಿಂಗ್. ಆಟದ ಯಂತ್ರವನ್ನು ಎಂದೂ ಮುಟ್ಟದಿದ್ದ ತಾಯಂದಿರೂ ಅಜ್ಜಂದಿರೂ ಎದ್ದು ನಿಂತು ಆಡಿದರು. ಒಟ್ಟು 10 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು.

ಕೆಲವರು ಹುರುಪಿನಲ್ಲಿ ಹಿಡಿಕೆಯನ್ನು ಕೈಯಿಂದ ಹಾರಿಬಿಟ್ಟು ಟೆಲಿವಿಷನ್ನನ್ನೇ ಒಡೆದುಕೊಂಡರು. ಮಣಿಕಟ್ಟಿನ ಬಾರು ತುಂಡಾಗುತ್ತದೆಂಬ ದೂರು ಹೆಚ್ಚಿ, ಅದೇ ಡಿಸೆಂಬರಿನಲ್ಲಿ ಸುಮಾರು 32 ಲಕ್ಷ ಬಾರುಗಳನ್ನು ಬದಲಿಸಿಕೊಡುವುದಾಗಿ ಸಂಸ್ಥೆ ಸಾರಬೇಕಾಯಿತು. ಈ ವೃತ್ತಾಂತವನ್ನು ನಾನು ಮನೆಯಲ್ಲಿ ಓದಿ ಹೇಳಿದ್ದು ತಪ್ಪಾಯಿತು. ಅಂದಿನಿಂದ ನಮ್ಮ ಟೆಲಿವಿಷನ್ನಿನ ಮುಂದೆ ಯಾರು ಕೈ ಬೀಸಿದರೂ ನನ್ನಾಕೆ ಅಡಿಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಾಳೆ.

ಕಣ್ಣು ಕಟ್ಟಿದ ಪ್ರಯಾಣಿಕ

ಗಾಳಿಯಲ್ಲಿ ಬೀಸಿದ ಕೈ ಪೆಟ್ಟಿಗೆಗೆ ತಿಳಿಯುವುದು ಹೇಗೆ? ಹಂಪನಕಟ್ಟೆಯಿಂದ ಬಿಜೈಗೆ ಬಸ್ಸಿನಲ್ಲಿ ನಿಂತು ಬಂದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಚಾಲಕ ಬ್ರೇಕು ಒತ್ತಿದರೆ ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಬಸ್ಸು ಬಲಕ್ಕೆ ತಿರುಗಿದರೆ ಎಡಕ್ಕೆ ವಾಲುತ್ತೇವೆ. ನಮ್ಮ ಕಣ್ಣು ಕಟ್ಟಿದ್ದರೂ ಬಸ್ಸಿನ ಚಲನೆಯನ್ನು ಮೈಯ ವಾಲಾಟದಿಂದಲೇ ಹೇಳಬಲ್ಲೆವು. ‘ವೀ’ ಹಿಡಿಕೆಯ ಒಳಗೆ ಇಂಥದೇ ಒಬ್ಬ ಪುಟ್ಟ ಪ್ರಯಾಣಿಕನಿದ್ದಾನೆ. ಸಿಲಿಕಾನಿನ ಅತಿ ಸಣ್ಣ ತುಣುಕೊಂದನ್ನು ಕೂದಲಿಗಿಂತ ನವುರಾದ ಸ್ಪ್ರಿಂಗುಗಳ ಮೇಲೆ ನಿಲ್ಲಿಸಿದೆ. ಕೈ ಬೀಸಿದಾಗ ಅದು ವಾಲುತ್ತದೆ. ಎಷ್ಟು ವಾಲಿತೆಂಬುದು ವಿದ್ಯುತ್ತಿನ ಭಾಷೆಯಲ್ಲಿ ಪೆಟ್ಟಿಗೆಗೆ ತಲುಪುತ್ತದೆ. ನಮ್ಮ ಮೊಬೈಲನ್ನು ಅಡ್ಡ ಹಿಡಿದೊಡನೆ ಚಿತ್ರವೂ ಅಡ್ಡವಾಗುವುದು ಇದೇ ಬಗೆಯ ಸಾಧನದಿಂದ. ಆದುದರಿಂದ ಮೊಬೈಲನ್ನು ಓರೆ ಮಾಡಿ ಓಟದ ಆಟ ಆಡಿದ ಪ್ರತಿಯೊಬ್ಬ ಹುಡುಗನೂ ತನಗರಿಯದೆಯೇ ಈ ವಿದ್ಯೆಯಲ್ಲಿ ಪಳಗಿದವನು.

ಆದರೆ ಕಣ್ಣು ಕಟ್ಟಿದ ಪ್ರಯಾಣಿಕನಿಗೆ ಬಸ್ಸು ಜಗ್ಗಿದ್ದು ತಿಳಿಯುತ್ತದೆಯೇ ಹೊರತು, ಅದು ಈಗ ಲಾಲ್‌ಬಾಗಿನಲ್ಲಿದೆಯೋ ಬಿಜೈ ಮಾರುಕಟ್ಟೆಯ ಬಳಿ ಇದೆಯೋ ತಿಳಿಯುವುದಿಲ್ಲ. ಆ ಹಿಡಿಕೆಯ ಪಾಡೂ ಅದೇ. ಭುಜದಿಂದ ಪೂರ್ತಿ ಬೀಸಿದ ಹೊಡೆತವೂ ಮಣಿಕಟ್ಟನ್ನು ಸರಕ್ಕನೆ ಕುಲುಕಿದ ಹೊಡೆತವೂ ಅದಕ್ಕೆ ಹೆಚ್ಚುಕಡಿಮೆ ಒಂದೇ.

ನಮ್ಮ ಚಿರಂಜೀವಿ ಇದನ್ನು ಪತ್ತೆ ಹಚ್ಚಲು ಎರಡು ದಿನ ಸಾಕಾಯಿತು. ಮೊದಲ ದಿನ ಚಾವಡಿಯ ತುಂಬ ಓಡಾಡಿ ಬೆವರಿದವನು ಮೂರನೆಯ ದಿನ ಸೋಫಾದ ಮೇಲೆ ಅಂಗಾತ ಮಲಗಿ, ಒಂದು ಕೈಯಲ್ಲಿ ಚಕ್ಕುಲಿ ತಿನ್ನುತ್ತ, ಇನ್ನೊಂದು ಕೈಯ ಮಣಿಕಟ್ಟನ್ನು ಕುಲುಕಿ ಟೆನ್ನಿಸ್ ಗೆಲ್ಲುತ್ತಿದ್ದ. ಇದು ಕಳ್ಳಾಟವಲ್ಲದೆ ಮತ್ತೇನು? ಮೈಗೆ ವ್ಯಾಯಾಮ ಕೊಡುವ ಆಟವೆಂಬ ಹೆಸರೇ ಹುಸಿಯಾಯಿತಲ್ಲ, ಎಂದು ನಾನು ವಾದಿಸಬಹುದಿತ್ತು. ಆದರೆ ಅದೇ ಕುರುಡುತನವೇ ಆಟಿಯ ಆ ಸಂಜೆ ಅಪ್ಪಯ್ಯನ ಪಾಲಿಗೆ ಬಾಗಿಲು ತೆರೆದಿತ್ತು. ಪೂರ್ತಿ ಬೀಸಲಾರದ ಕೈಯ ಒಂದು ಗೇಣಿನ ಅಲುಗಾಟವನ್ನು ಆ ಯಂತ್ರ ಹೊಡೆತವೆಂದೇ ಲೆಕ್ಕ ಹಿಡಿಯಿತು. ಬೌಲಿಂಗ್ ಆಟ ಅವರಿಗೆ ಆಗಲಿಲ್ಲ. ಅದರಲ್ಲಿ ಗುಂಡಿಯನ್ನು ಒತ್ತಿ ಹಿಡಿದು, ತಕ್ಕ ಗಳಿಗೆಗೆ ಬಿಡಬೇಕು. ಅವರ ಬೆರಳು ಒತ್ತಲಾರದು. ಟೆನ್ನಿಸಿನಲ್ಲಿ ಬೊಂಬೆ ತಾನೇ ಓಡಾಡುತ್ತದೆ. ಆಡುವವರು ಸಮಯವರಿತು ಕೈ ಅಲುಗಿಸಿದರೆ ಆಯಿತು. ಗುಂಡಿ ಸೋತಲ್ಲಿ ಚಲನೆ ಗೆದ್ದಿತು. ಒಂದೇ ಕೊರತೆ ಮೊಮ್ಮಗನಿಗೆ ಸೋಮಾರಿತನವಾಗಿಯೂ ಅಜ್ಜನಿಗೆ ಔದಾರ್ಯವಾಗಿಯೂ ಒದಗಿದ್ದನ್ನು ಕಂಡ ಮೇಲೆ, ಈ ಆಟಗಳು ಒಳ್ಳೆಯವೋ ಕೆಟ್ಟವೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಧೈರ್ಯ ನನಗೆ ಉಳಿಯಲಿಲ್ಲ.

ಚೆಂಡೆ ತಡವಾದರೆ

ಎಲ್ಲ ಯಂತ್ರಗಳೂ ಇಷ್ಟು ಉದಾರವಾಗಿರಲಿಲ್ಲ. ‘ವೀ’ ಯಂತ್ರದ ಗೆಲುವನ್ನು ಕಂಡು ಸೋನಿ ಸಂಸ್ಥೆ 2010ರಲ್ಲಿ ‘ಮೂವ್’ ಎಂಬ ಹಿಡಿಕೆಯನ್ನು ತಂದಿತು. ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ಕಿನೆಕ್ಟ್’ ಎಂಬ ಸಾಧನವನ್ನು ಹೊರತಂದು, ಕೈಯಲ್ಲಿ ಹಿಡಿಕೆಯೇ ಬೇಡ, ಆಡುವವನ ಮೈಯೇ ಸಾಕು ಎಂದು ಸಾರಿತು. ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಸಾವಿರಾರು ಚುಕ್ಕಿಗಳನ್ನು ಕೋಣೆಯ ಮೇಲೆ ಚೆಲ್ಲಿ, ಅವುಗಳ ವಿನ್ಯಾಸ ಎಲ್ಲಿ ಹೇಗೆ ಬದಲಾಯಿತೆಂಬುದರಿಂದ ಮನುಷ್ಯನ ತಲೆ, ಭುಜ, ಮೊಣಕೈ, ಮಂಡಿಗಳನ್ನು ಗುರುತಿಸುತ್ತಿತ್ತು. ಮೊದಲ 60 ದಿನಗಳಲ್ಲಿ 80 ಲಕ್ಷ ‘ಕಿನೆಕ್ಟ್’ಗಳು ಮಾರಾಟವಾದವು.

ಕೆಲವು ವರ್ಷಗಳ ಹಿಂದೆ ನಗರದ ಮಾಲ್ ಒಂದರಲ್ಲಿ ನಾನು ಇದರ ಮುಂದೆ ನಿಂತು ಕೈಕಾಲು ಆಡಿಸಿದ್ದುಂಟು. ನಾನು ಜಿಗಿದ ಮೇಲೆ ಪರದೆಯ ಮೇಲಿನವನು ಜಿಗಿಯುತ್ತಿದ್ದ. ನಡುವಿನ ವಿಳಂಬ ಸೆಕೆಂಡಿನ ಒಂದು ಸಣ್ಣ ಪಾಲು. ಆದರೂ ಮೈಗೆ ಅದು ತಿಳಿಯುತ್ತಿತ್ತು. ಅಪ್ಪಯ್ಯನಿಗೆ ಇದನ್ನು ಹೇಳಿದಾಗ ಅವರು ಕೂಡಲೇ, "ಚೆಂಡೆ ತಡವಾದ ಹಾಗೆ" ಎಂದರು. "ರಂಗಸ್ಥಳದಲ್ಲಿ ನಾನು ಹೆಜ್ಜೆ ಊರುವಲ್ಲಿಗೆ ಚೆಂಡೆಯ ಪೆಟ್ಟು ಬೀಳಬೇಕು. ಒಂದು ಕ್ಷಣ ತಡವಾದರೆ ಆ ಹೆಜ್ಜೆ ನನ್ನದಲ್ಲ. ನೋಡುವವನಿಗೂ ಗೊತ್ತಾಗುತ್ತದೆ." ಯಂತ್ರಶಾಸ್ತ್ರದ ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದ ವಿಷಯವನ್ನು ಅವರು ಮೂರು ಮಾತಿನಲ್ಲಿ ಮುಗಿಸಿದರು.

ಕನ್ನಡ ಪಾಠ ಮಾಡುವವನಾದ ನನಗೆ ಇಲ್ಲಿ ಅಭಿನಯದ ವಿಚಾರ ನೆನಪಾಗುವುದು ಸಹಜ. ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಒಂದು ತೊಟ್ಟು ನೀರಿಲ್ಲದ ರಂಗಸ್ಥಳದಲ್ಲಿ ಯಕ್ಷಗಾನದವರು ಜಲಕ್ರೀಡೆಯನ್ನು ಕಾಣಿಸುತ್ತಾರೆ. ಅಲ್ಲಿ ಕೈಯ ಚಲನೆಗೆ ಅರ್ಥ ಕೊಡುವವನು ನೋಡುವ ಮನುಷ್ಯ. ಯಂತ್ರದ ಇದಿರು ಅದೇ ಚಲನೆ ಮಾಡಿದರೆ, ಅದು ಅರ್ಥ ಮಾಡಿಕೊಳ್ಳುವುದಿಲ್ಲ, ಅಳತೆ ಮಾಡುತ್ತದೆ. ಅಳತೆ ತಪ್ಪಿದರೆ ನಮ್ಮ ಎಷ್ಟು ಸೊಗಸಾದ ಆಂಗಿಕವೂ ವ್ಯರ್ಥ.

ಆದಕಾರಣ ಈ ಸಾಧನದಿಂದ ಗೆದ್ದ ಆಟಗಳನ್ನೂ ಸೋತ ಆಟಗಳನ್ನೂ ಬೇರೆ ಬೇರೆಯಾಗಿ ಇಟ್ಟು ನೋಡಬೇಕು. 2010ರ ‘ಡಾನ್ಸ್ ಸೆಂಟ್ರಲ್’ ಎಂಬ ಕುಣಿತದ ಆಟ ಜನಪ್ರಿಯವಾಯಿತು. ಅಲ್ಲಿ ಕುಣಿಯುವುದೇ ಆಟ, ಮೈ ಆಡಿದ್ದರಲ್ಲೇ ಸಂತೋಷ ಬಂದುಹೋಯಿತು. 2012ರಲ್ಲಿ ಬಂದ ‘ಸ್ಟೀಲ್ ಬೆಟಾಲಿಯನ್: ಹೆವಿ ಆರ್ಮರ್’ ಎಂಬ ಯುದ್ಧದ ಆಟದಲ್ಲಾದರೋ, ಉಕ್ಕಿನ ಯಂತ್ರದೊಳಗೆ ಕುಳಿತ ಸೈನಿಕನು ಸನ್ನೆಗಳನ್ನು ಎಳೆಯುವಂತೆ ಗಾಳಿಯಲ್ಲಿ ಕೈಯಾಡಿಸಬೇಕಾಗಿತ್ತು. ಒಂದನ್ನು ಎಳೆದರೆ ಇನ್ನೊಂದು ಎಳೆದಂತಾಗುತ್ತಿತ್ತು. ಅಲ್ಲಿ ಕೈಯ ಚಲನೆ ಆಟವಾಗಿರಲಿಲ್ಲ, ಗುಂಡಿಯ ಬದಲಿಗೆ ಇಟ್ಟ ಕೆಟ್ಟ ಗುಂಡಿಯಾಗಿತ್ತು. ವಿಮರ್ಶಕರಲ್ಲಿ ಹೆಚ್ಚಿನವರು ಅದನ್ನು ತೆಗಳಿದರು.

ಇನ್ನೊಂದು ತೊಡಕು ನಮ್ಮಂಥ ಗೃಹಸ್ಥರದು. ‘ಕಿನೆಕ್ಟ್’ ಮುಂದೆ ಒಬ್ಬರು ಆಡಬೇಕಾದರೆ ಆರು ಅಡಿ, ಇಬ್ಬರು ಆಡಬೇಕಾದರೆ ಎಂಟು ಅಡಿ ದೂರ ನಿಲ್ಲಬೇಕು. ದಿವಾನ, ಊಟದ ಮೇಜು, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಗ್ಗ, ಇವುಗಳ ನಡುವೆ ಎಂಟು ಅಡಿ ತೆರವನ್ನು ಯಾವ ಮನೆಯಲ್ಲಿ ಹುಡುಕುವುದು? 2013ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಯಂತ್ರವನ್ನು ‘ಕಿನೆಕ್ಟ್’ ಕೊಳ್ಳದೆ ಕೊಳ್ಳಲಾಗದಂತೆ 499 ಡಾಲರಿಗೆ ಮಾರಿತು. ಗಿರಾಕಿಗಳು ಒಪ್ಪಲಿಲ್ಲ. 2014ರ ಜೂನಿನಲ್ಲಿ ಅದನ್ನು ಕಳಚಿ 399 ಡಾಲರಿಗೆ ಇಳಿಸಬೇಕಾಯಿತು. 2017ರಲ್ಲಿ ಅದರ ತಯಾರಿಕೆಯೇ ನಿಂತಿತು. ಬೇಕೆಂದವರಿಗೆ ಕೊಟ್ಟಾಗ ಮೆಚ್ಚುಗೆ ಪಡೆದ ವಸ್ತು, ಬೇಡವೆಂದವರ ಮೇಲೆ ಹೇರಿದಾಗ ಮುಳುಗಿತು.

ನಮ್ಮ ದೇಶದವರೂ ಈ ದಾರಿಯಲ್ಲಿ ಕೈಯಾಡಿಸದೆ ಬಿಟ್ಟಿಲ್ಲ. ಹೈದರಾಬಾದಿನ ಗೇಮ್‌ಶಾಸ್ತ್ರ ಸಂಸ್ಥೆ ಕಬಡ್ಡಿ, ಗಾಳಿಪಟ, ನಮ್ಮ ಕಡೆಯ ಕುಟ್ಟಿದೊಣ್ಣೆಯಂಥ ಆಟಗಳನ್ನು ‘ದೇಸಿ ಅಡ್ಡಾ’ ಎಂಬ ಹೆಸರಿನಲ್ಲಿ ಗುಂಡಿಯ ಆಟಗಳಾಗಿಸಿತು. ಮುಂಬಯಿಯ ಟ್ರೈನ್ ಗೇಮ್ಸ್ ಸಂಸ್ಥೆ ಗಲ್ಲಿ ಕ್ರಿಕೆಟ್ಟನ್ನು ಸೋನಿಯ ‘ಮೂವ್’ ಹಿಡಿಕೆಗೆ ಒಗ್ಗಿಸಿ, ಬ್ಯಾಟು ಬೀಸಿದಂತೆ ಬೀಸಿ ಆಡುವ ಆಟವನ್ನು ಮಾಡಿತು. ಬೀಸುವುದೇನೋ ಸರಿ. ಆದರೆ ಚೆಂಡು ಬ್ಯಾಟಿಗೆ ಸರಿಯಾಗಿ ತಾಗಿದಾಗ ಅಂಗೈಯಿಂದ ಮೊಣಕೈವರೆಗೆ ಹರಿಯುವ ಆ ಅದಿರನ್ನು ಹಗುರವಾದ ಹಿಡಿಕೆ ಎಲ್ಲಿಂದ ತಂದೀತು? ಹಿಡಿಕೆ ಒಂದಿಷ್ಟು ಗುಯ್ಗುಟ್ಟಿ ನಡುಗುತ್ತದೆ. ಅದು ಸಮಾಧಾನದ ಬಹುಮಾನ.

ಅಳೆದು ನೋಡಿದವರು ಕಂಡದ್ದು

ತಂದೆತಾಯಿಗಳು ಕೇಳುವ ಪ್ರಶ್ನೆ ಬೇರೆ: ಇದರಿಂದ ಮಕ್ಕಳ ಮೈಗೆ ಒಳ್ಳೆಯದಾಗುತ್ತದೆಯೆ? ವೈದ್ಯಶಾಸ್ತ್ರಜ್ಞರು ಇದನ್ನು ಅಳೆದು ನೋಡಿದ್ದಾರೆ. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲಿವರ್‌ಪೂಲಿನ ಅಧ್ಯಯನದ ಪ್ರಕಾರ, ಕುಳಿತು ಆಡುವ ಆಟಕ್ಕಿಂತ ‘ವೀ’ ಆಟದಲ್ಲಿ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಆದರೆ ನಿಜವಾದ ಬಯಲಾಟದ ಮಟ್ಟಕ್ಕೆ ಅದು ಏರುವುದಿಲ್ಲ. 2012ರಲ್ಲಿ ಅಮೆರಿಕದ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 9ರಿಂದ 12 ವರ್ಷದ ಮಕ್ಕಳಿಗೆ ಇಂಥ ಆಟಗಳನ್ನು ಕೊಟ್ಟು ಅವರ ಓಡಾಟವನ್ನು ಅಳೆದರು. ಗುಂಡಿಯ ಆಟ ಪಡೆದ ಮಕ್ಕಳಿಗಿಂತ ಇವರು ಹೆಚ್ಚು ಓಡಾಡಿದ್ದು ಕಂಡುಬರಲಿಲ್ಲ. ನಮ್ಮ ಸೋಫಾದ ಮೇಲಿನ ಟೆನ್ನಿಸ್ ವೀರನನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಅತಿಯಾಗಿ ಆಡಿದರೂ ಕಷ್ಟವೇ. 29 ವರ್ಷದ ಆರೋಗ್ಯವಂತ ತರುಣ ವೈದ್ಯರೊಬ್ಬರಿಗೆ ಗಂಟೆಗಟ್ಟಲೆ ‘ವೀ’ ಟೆನ್ನಿಸ್ ಆಡಿದ ಮರುದಿನ ಭುಜ ಹಿಡಿದುಕೊಂಡ ವೃತ್ತಾಂತ 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅಚ್ಚಾಯಿತು. ಆ ನೋವಿಗೆ ‘ವೈಯೈಟಿಸ್’ ಎಂಬ ವಿನೋದದ ಹೆಸರನ್ನೂ ಇಟ್ಟರು. ನಿಜವಾದ ರಾಕೆಟ್ಟಾದರೆ ತನ್ನ ತೂಕದಿಂದಲೇ ಸಾಕೆಂದು ಹೇಳುತ್ತದೆ. ತೂಕವಿಲ್ಲದ ಹಿಡಿಕೆ ಹೇಳುವುದಿಲ್ಲ.

ನಾನು ಎಲ್ಲಕ್ಕಿಂತ ಎದೆ ಹಿಡಿದುಕೊಂಡು ಓದಿದ್ದು ಪಾರ್ಶ್ವವಾಯು ರೋಗಿಗಳ ಕುರಿತಾದ ಅಧ್ಯಯನವನ್ನು. ಅದು 2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಬಂತು. ಪಾರ್ಶ್ವವಾಯು ಬಡಿದು ಮೂರು ತಿಂಗಳೊಳಗಿನ 141 ರೋಗಿಗಳನ್ನು ಎರಡು ಪಂಗಡ ಮಾಡಿದರು. ಎರಡು ಪಂಗಡಕ್ಕೂ ವಾಡಿಕೆಯ ಚಿಕಿತ್ಸೆ ಇತ್ತು. ಅದರೊಡನೆ ಒಂದು ಪಂಗಡ ‘ವೀ’ ಆಡಿತು. ಇನ್ನೊಂದು ಪಂಗಡ ಇಸ್ಪೀಟು, ಬಿಂಗೊ, ಮರದ ತುಂಡುಗಳನ್ನು ಪೇರಿಸುವ ಆಟ, ಚೆಂಡಾಟ, ಇಂಥ ಸಾಮಾನ್ಯ ವಿನೋದಗಳಲ್ಲಿ ತೊಡಗಿತು. ಎರಡು ವಾರಗಳಲ್ಲಿ ಒಂದೊಂದು ಗಂಟೆಯಂತೆ ಹತ್ತು ಬಾರಿ. ಕೊನೆಗೆ ಅಳೆದಾಗ ಎರಡು ಪಂಗಡಗಳ ಕೈಗಳೂ ಸುಧಾರಿಸಿದ್ದವು. ‘ವೀ’ ಆಡಿದವರು ಮೇಲೆಂದು ತೋರಲಿಲ್ಲ.

ಓದಿ ನನಗೆ ಮೊದಲು ನಿರಾಶೆಯಾಯಿತು. ಹಾಗಾದರೆ ಅಪ್ಪಯ್ಯನ ಕೈ ಎತ್ತಿಸಿದ್ದು ಯಂತ್ರದ ಮಹಿಮೆಯಲ್ಲವೆ? ಮತ್ತೆ ಯೋಚಿಸಿದೆ. ಅಪ್ಪಯ್ಯನದು ಎರಡು ವರ್ಷ ಹಳೆಯ ಕಾಯಿಲೆ, ಆ ಅಧ್ಯಯನದ ಲೆಕ್ಕ ಅವರಿಗೆ ಹಾಗೆಯೇ ಹೊಂದಲಾರದು. ಆದರೂ ಅದರಲ್ಲೊಂದು ತಿಳಿವಳಿಕೆ ಇದೆ. ಇಸ್ಪೀಟಿಗೂ ‘ವೀ’ಗೂ ಸಮಾನವಾದದ್ದು ಯಾವುದು? ಗೋಡೆಯನ್ನು ನೋಡುತ್ತ ಎತ್ತುವ ಕೈಗೆ ಕಾರಣವಿಲ್ಲ; ಆಟದಲ್ಲಿ ಎತ್ತುವ ಕೈಗೆ ಕಾರಣವಿದೆ. ಇದಿರಿಗೊಬ್ಬರು ಕಾದಿರುತ್ತಾರೆ. ನಿಂಟೆಂಡೊ ಸಂಸ್ಥೆ 1889ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಹುಟ್ಟಿದ್ದೇ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ ಎಂಬುದನ್ನು ತಿಳಿದಾಗ ನನಗೆ ನಗು ಬಂತು.

ಬಿಲ್ಲೂ ಇರಲಿ, ಗುಂಡಿಯೂ ಇರಲಿ

ಯಂತ್ರ ಹೆಚ್ಚು ಸೂಕ್ಷ್ಮವಾದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. 2009ರಲ್ಲಿ ನಿಂಟೆಂಡೊ ತನ್ನ ಹಿಡಿಕೆಗೆ ಗೈರೊಸ್ಕೋಪನ್ನು ಜೋಡಿಸಿತು. ಕೈ ಯಾವ ಕಡೆಗೆ ಎಷ್ಟು ಬೇಗ ತಿರುಗಿತೆಂಬುದನ್ನು ಅದು ಹೇಳಬಲ್ಲದು. ಅದನ್ನು ನಂಬಿ 2011ರಲ್ಲಿ ‘ದಿ ಲೆಜೆಂಡ್ ಆಫ್ ಜೆಲ್ಡಾ: ಸ್ಕೈವರ್ಡ್ ಸೋರ್ಡ್’ ಎಂಬ ಸಾಹಸದ ಆಟವನ್ನು ಕಟ್ಟಿದರು. ಇದಿರಾಳಿ ಎಡಕ್ಕೆ ಅಡ್ಡ ಹಿಡಿದರೆ ನಾವು ಬಲದಿಂದ ಕತ್ತಿ ಬೀಸಬೇಕು. ಕೈ ಪಳಗಿದವರು ಇದನ್ನು ಕೊಂಡಾಡಿದರು. ಆದರೆ ಯಂತ್ರ ಸೂಕ್ಷ್ಮವಾದಷ್ಟೂ ಅಪ್ಪಯ್ಯನಂಥವರಿಗೆ ಬಾಗಿಲು ಮುಚ್ಚಿತು. ಒಂದು ಗೇಣಿನ ಅಲುಗಾಟ ಅಲ್ಲಿ ಹೊಡೆತವೆನಿಸುವುದಿಲ್ಲ. 2021ರಲ್ಲಿ ಅದೇ ಆಟವನ್ನು ಹೊಸದಾಗಿ ಹೊರತಂದಾಗ, ಕತ್ತಿಯನ್ನು ಕೈ ಬೀಸಿಯೂ ಆಡಬಹುದು, ಹೆಬ್ಬೆರಳಿನ ಸನ್ನೆಯಿಂದಲೂ ಆಡಬಹುದು ಎಂದು ಎರಡು ದಾರಿ ಇಟ್ಟರು. ಹತ್ತು ವರ್ಷಗಳ ವಾದಕ್ಕೆ ಇದಕ್ಕಿಂತ ವಿವೇಕದ ಉತ್ತರ ಇರಲಾರದು.

ಇಂದಿನ ತರುಣರು ಈ ಸಂಧಾನವನ್ನು ತಾವೇ ಕಂಡುಕೊಂಡಿದ್ದಾರೆ. 2021ರ ಜುಲೈಯಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಆಟದಲ್ಲಿ ಗೈರೊಸ್ಕೋಪು ಬೇಕಾದವರಿಗೆ ಉಂಟು, ಬೇಡದವರಿಗೆ ಇಲ್ಲ. ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ದೂರದ ತಿರುವನ್ನು ಹೆಬ್ಬೆರಳಿನಿಂದ ತಿರುಗುತ್ತಾನೆ. ಗುರಿಯನ್ನು ಕೂದಲೆಳೆಯಷ್ಟು ಸರಿಪಡಿಸಲು ಮೊಬೈಲನ್ನು ತುಸುವೇ ಓರೆ ಮಾಡುತ್ತಾನೆ. ನಾವು ಬರೆಯುವಾಗ ತೋಳು ಸಾಲಿನುದ್ದಕ್ಕೆ ಸರಿಯುತ್ತದೆ, ಅಕ್ಷರವನ್ನು ತಿದ್ದುವುದು ಬೆರಳು. ಅದೇ ಕ್ರಮ ಇದು. ಇಲ್ಲಿ ಚಲನೆ ಪ್ರದರ್ಶನವಲ್ಲ, ಕೈಯ ಸಹಜ ಗುಣದ ಬಳಕೆ.

ಬೀಸಬಲ್ಲ ಕೈಗೆ ಒತ್ತಲಾಗದಿರಬಹುದು; ಒತ್ತಬಲ್ಲ ಬೆರಳಿನ ಹಿಂದೆ ಬೀಸಲಾಗದ ತೋಳು ಇರಬಹುದು; ನಿಲ್ಲಲಾರದವರು ಇರಬಹುದು. ‘ಕಿನೆಕ್ಟ್’ ಅನ್ನು ಎಲ್ಲರ ಮೇಲೆ ಹೇರಿದ ಮೈಕ್ರೋಸಾಫ್ಟ್ ಸಂಸ್ಥೆಯೇ 2018ರಲ್ಲಿ ಅಂಗವಿಕಲರಿಗಾಗಿ ದೊಡ್ಡ ಗುಂಡಿಗಳ ಒಂದು ಹಲಗೆಯನ್ನು ತಂದಿತು. ತಮಗೆ ಒಗ್ಗುವ ಬೇರೆ ಬೇರೆ ಸನ್ನೆಗಳನ್ನು ಅದಕ್ಕೆ ಜೋಡಿಸಿಕೊಳ್ಳಬಹುದು. ಸಂಸ್ಥೆಗಳೂ ಕಲಿಯುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಮೈಚಲನೆಯ ಆಟ ಮೇಲೋ, ಗುಂಡಿಯ ಆಟ ಮೇಲೋ? ನಾನು ಕಂಡಮಟ್ಟಿಗೆ ಉತ್ತರ ಇಷ್ಟು. ಚಲನೆಯೇ ಆಟವಾಗಿರುವಲ್ಲಿ ಅದು ಆಟವನ್ನು ಬೆಳಗಿಸುತ್ತದೆ. ಗುಂಡಿಯ ವೇಷ ಹಾಕಿಕೊಂಡು ಬಂದಲ್ಲಿ ಕೆಡಿಸುತ್ತದೆ. ಬೇಕೋ ಬೇಡವೋ ಎಂದು ಆಡುವವರನ್ನು ಕೇಳಿದರೆ ಅದು ಉಪಕಾರ. ಕೇಳದೆ ಹೇರಿದರೆ ಅಪಕಾರ. ಮಕ್ಕಳ ಮೈ ಬೆಳೆಯಬೇಕಾದರೆ ಅಂಗಳವೇ ಆಗಬೇಕು. ಆ ಕೆಲಸವನ್ನು ಯಾವ ಪೆಟ್ಟಿಗೆಗೂ ವಹಿಸಬಾರದು. ಪೆಟ್ಟಿಗೆಯ ಮುಂದೆ ಮಗು ಒಂಟಿಯಾಗಿ ಕುಳಿತಿದೆಯೋ, ಪಕ್ಕದಲ್ಲಿ ಮತ್ತೊಬ್ಬರು ಇದ್ದಾರೆಯೋ ಎಂಬುದನ್ನು ಗಮನಿಸುವುದು, ಅದು ಬೀಸುತ್ತಿದೆಯೋ ಒತ್ತುತ್ತಿದೆಯೋ ಎಂದು ನೋಡುವುದಕ್ಕಿಂತ ಅಗತ್ಯ.

ಅಪ್ಪಯ್ಯನ ಸುದ್ದಿ ಹೇಳದೆ ಮುಗಿಸಿದರೆ ವಾಚಕರು ಕ್ಷಮಿಸಲಾರರು. ಅವರ ಕೈ ಪೂರ್ತಿ ಮರಳಿಲ್ಲ. ಲೇಖನಿ ಹಿಡಿಯಲು ಇಂದಿಗೂ ಆಗುವುದಿಲ್ಲ. ಆದರೆ ಅದೀಗ ಶಾಲಿನಿಂದ ಹೊರಗಿದೆ. ಬಿಟ್ಟಿದ್ದ ವ್ಯಾಯಾಮವನ್ನು ಮತ್ತೆ ಹಿಡಿದಿದ್ದಾರೆ. ಹಳೆಯ ಹಿಡಿಕೆ ಮಳೆಗಾಲ ಕಳೆಯುವಷ್ಟರಲ್ಲಿ ಕೆಟ್ಟಿತು. ನಮ್ಮ ಬಿಜೈಯ ಶ್ರೀಮಂತಿಬಾಯಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡೋಣವೆಂದು ಮಗ ಹಾಸ್ಯ ಮಾಡಿದ. ಅದು ಅಟ್ಟ ಸೇರಿತು.

ಈ ವರ್ಷ ಆಟಿ ಬಂದಾಗ ನನ್ನಾಕೆ ತವರಿನಿಂದ ತಂದ ಚೆನ್ನೆಮಣೆಯನ್ನು ಒರೆಸಿ ಚಾವಡಿಯಲ್ಲಿಟ್ಟಳು. ಆಟಿಯಲ್ಲಿ ಚೆನ್ನೆಯಾಡುವುದು ತುಳುನಾಡಿನ ಹಳೆಯ ರೂಢಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಅಪ್ಪಯ್ಯ ಒಂದು ಗುಳಿಯ ಕಾಯಿಗಳನ್ನು ಎಡಗೈಯಿಂದ ಬಲದ ಅಂಗೈಗೆ ಹಾಕಿಕೊಂಡು, ಒಂದೊಂದಾಗಿ ಮುಂದಿನ ಗುಳಿಗಳಿಗೆ ಉದುರಿಸುತ್ತಾರೆ. ಒಂದು ಕಾಯಿ ಬೀಳಲು ಎಷ್ಟೋ ಹೊತ್ತು ಹಿಡಿಯುತ್ತದೆ. ಮೊನ್ನೆ ಮಗ ತಾಳ್ಮೆಗೆಟ್ಟು ಸಹಾಯಕ್ಕೆಂದು ಕೈ ಚಾಚಿದ.

"ಕೈ ತೆಗೆ ಮಾಣಿ" ಎಂದರು ಅಪ್ಪಯ್ಯ. "ನನ್ನ ಆಟ ನಾನೇ ಆಡುತ್ತೇನೆ."